ಎಲ್ಲ ರಿಪೋರ್ಟುಗಳೂ ಬಂದ ಮೇಲೆ

ಕಳೆದ ವರ್ಷ ಪಿಯುಸಿ ಫಲಿತಾಂಶ ಬಂದ ವಾರ ಭಾವ ಫೋನ್ ಮಾಡಿದರು. ಮಗಳಿಗೆ ಒಳ್ಳೆಯ ಅಂಕ ಬಂದಿದೆ, ಆದರೆ ಬಿ.ಎ.ಗೆ ಸೇರಿ ತತ್ವಶಾಸ್ತ್ರ ಓದುತ್ತೇನೆಂದು ಹಟ ಹಿಡಿದು ಕೂತಿದ್ದಾಳೆ, ನೀನೂ ಅದನ್ನೇ ಓದಿದವನಲ್ಲವೇ, ಒಂದು ಮಾತು ಹೇಳು ಎಂದರು. ಹೇಳು ಎಂದರೆ ಬೇಡವೆಂದು ಹೇಳು ಎಂದೇ ಅರ್ಥ. ಕೆಲಸದ ಪ್ರಶ್ನೆ ಬರುತ್ತದೆಂದು ನಾನು ಕಾದೆ. ಅದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವಿದೆ, ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ನನಗೆ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿದೆ. ಆದರೆ ಭಾವ ಹಾರ್ಡ್‌ವೇರ್ ಅಂಗಡಿ ನಡೆಸುವವರು, ಯಾವ ಸಾಮಾನನ್ನೂ ಎತ್ತಿ ತಿರುಗಿಸಿ ನೋಡದೆ ಒಳಗೆ ಇಳಿಸಿಕೊಳ್ಳುವ ಜಾಯಮಾನದವರಲ್ಲ. ಅವರು ಕೇಳಿದ್ದು ಬೇರೆ. "ಡಾಕ್ಟರಿಗೆ ಶರೀರದ ಬಗ್ಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ವಕೀಲರಿಗೆ ಕಾನೂನು ಗೊತ್ತಿರುತ್ತದೆ. ಇದನ್ನು ಓದಿದವರಿಗೆ ಓದದವರಿಗಿಂತ ಏನಪ್ಪಾ ಹೆಚ್ಚು ಗೊತ್ತಿರುತ್ತದೆ?"

ಬದುಕಿನ ಅರ್ಥ ಎನ್ನುವಂತಿಲ್ಲ. ಅದು ಗೊತ್ತಿರುವ ಒಬ್ಬ ಪ್ರಾಧ್ಯಾಪಕರನ್ನೂ ನಾನು ಕಂಡಿಲ್ಲ. ಯೋಚಿಸುವುದನ್ನು ಕಲಿಸುತ್ತದೆ ಎಂಬ ಮಾತನ್ನು ಕಾಲೇಜುಗಳ ಕೈಪಿಡಿಗಳಲ್ಲಿ ಅಚ್ಚು ಹಾಕಿಸುತ್ತಾರೆ, ಆದರೆ ಗಣಿತವೂ ಅದನ್ನೇ ಕಲಿಸುತ್ತದೆ, ಒಳ್ಳೆಯ ಬಡಗಿಯ ಕೈಕೆಳಗೆ ಕೆಲಸ ಮಾಡಿದವನೂ ಅದನ್ನು ಕಲಿತಿರುತ್ತಾನೆ. ಇನ್ನು ಸಿಲಬಸ್ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಯುಪಿಎಸ್‌ಸಿ ಪರೀಕ್ಷೆಗೆ ತತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವವರಿದ್ದಾರೆ. 2013ರಲ್ಲಿ ನೀತಿಶಾಸ್ತ್ರಕ್ಕೇ ಒಂದು ಪ್ರಶ್ನೆಪತ್ರಿಕೆ ಬಂದ ಮೇಲಂತೂ ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ, ಕೋಚಿಂಗ್ ಕೇಂದ್ರಗಳ ಪಕ್ಕದ ಜೆರಾಕ್ಸ್ ಅಂಗಡಿಗಳಲ್ಲಿ ಪ್ಲೇಟೋ ಮತ್ತು ಕಾಂಟ್ ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ಗಿರಾಕಿಗಾಗಿ ಕಾಯುತ್ತಿರುತ್ತಾರೆ. ಅದೂ ಓದುವುದಕ್ಕೆ ಒಂದು ಕಾರಣವೇ. ಆದರೆ ಭಾವನ ಪ್ರಶ್ನೆಗೆ ಉತ್ತರವಲ್ಲ.

ಒಂದು ವಾರ ಸಮಯ ಕೊಡಿ ಎಂದೆ. ಆ ವಾರ ತಲೆಯಲ್ಲಿ ಓಡಿದ್ದು, ಆಮೇಲೆ ಇಷ್ಟು ತಿಂಗಳು ಬಿಟ್ಟೂ ಬಿಡದೆ ಓಡಿದ್ದು, ಇದು.

ಕೌಟಿಲ್ಯ ಬರೆದಿಟ್ಟ ಸಿಲಬಸ್ ಜಗಳ

ಈ ಪ್ರಶ್ನೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ತಮ್ಮ ಕೈಗೆ ಬಂದ ತಾಳೆಗರಿಗಳ ಕಟ್ಟಿನಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಗಿ ಬಂತು. ಗೂಢಚಾರರು, ತೆರಿಗೆ, ಕೋಟೆ, ದಂಡ ಎಂದೇ ನಾವು ನೆನಪಿಟ್ಟುಕೊಂಡಿರುವ ಪುಸ್ತಕ ಅದು. ಆದರೆ ಅದರ ಬಾಗಿಲಲ್ಲೇ ಎದುರಾಗುವುದು ಒಂದು ಪಠ್ಯಕ್ರಮದ ಜಗಳ. ರಾಜಕುಮಾರ ಕಲಿಯಬೇಕಾದ ವಿದ್ಯೆಗಳು ಎಷ್ಟು? ಮನುವಿನ ಪಂಥದವರು ಮೂರು ಎನ್ನುತ್ತಾರೆ: ವೇದ, ವಾರ್ತೆ ಎಂದರೆ ಕೃಷಿ, ಪಶುಪಾಲನೆ, ವ್ಯಾಪಾರ, ಮತ್ತು ದಂಡನೀತಿ ಎಂದರೆ ರಾಜ್ಯಾಡಳಿತ. ತರ್ಕದಿಂದ ಪರಿಶೀಲಿಸುವ ಆನ್ವೀಕ್ಷಿಕೀ ಎಂಬುದು ವೇದದ್ದೇ ಒಂದು ಭಾಗ, ಅದಕ್ಕೆ ಬೇರೆ ಪೀರಿಯಡ್ ಯಾಕೆ ಎಂಬುದು ಅವರ ವಾದ. ಬೃಹಸ್ಪತಿಯ ಕಡೆಯವರು ವೇದವನ್ನೂ ತೆಗೆದು ಎರಡೇ ಸಾಕು ಎನ್ನುತ್ತಾರೆ. ಶುಕ್ರನ ಕಡೆಯವರಿಗೆ ಒಂದೇ ಸಾಕು, ದಂಡನೀತಿ. ಉಳಿದದ್ದೆಲ್ಲ ಅದಕ್ಕೇ ಗಂಟು ಬಿದ್ದಿದೆಯಂತೆ. ಕೌಟಿಲ್ಯ ನಾಲ್ಕು ಎನ್ನುತ್ತಾನೆ. ಸಾಂಖ್ಯ, ಯೋಗ, ಲೋಕಾಯತ ಇವು ಆನ್ವೀಕ್ಷಿಕೀ, ಅದು ಸ್ವತಂತ್ರ ವಿದ್ಯೆ, ಅದೂ ಬೇಕು. ದೇವರನ್ನೂ ಪರಲೋಕವನ್ನೂ ಒಪ್ಪದ ಲೋಕಾಯತ ಆ ಪಟ್ಟಿಯಲ್ಲಿ ನಿಶ್ಚಿಂತೆಯಾಗಿ ಕೂತಿರುವುದನ್ನು ಗಮನಿಸಬೇಕು.

ಯಾಕೆ ಬೇಕು ಎಂಬುದಕ್ಕೆ ಅವನು ಕೊಡುವ ಕಾರಣದಲ್ಲಿ ಆತ್ಮದ ಉದ್ಧಾರದ ಸುದ್ದಿಯೇ ಇಲ್ಲ. ಉಳಿದ ಮೂರು ವಿದ್ಯೆಗಳ ಬಲಾಬಲವನ್ನು ಹೇತುಗಳಿಂದ ಅಳೆದು ನೋಡುತ್ತದೆ, ಕಷ್ಟದಲ್ಲೂ ಏಳಿಗೆಯಲ್ಲೂ ಬುದ್ಧಿಯನ್ನು ನೆಲೆಯಲ್ಲಿಡುತ್ತದೆ, ವಿಚಾರಕ್ಕೆ, ಮಾತಿಗೆ, ಕೆಲಸಕ್ಕೆ ಪಳಗಿಕೆ ಕೊಡುತ್ತದೆ ಎನ್ನುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಲಾಬಲದ ಮಾತು. ಶಾಸ್ತ್ರ ಒಂದು ಹೇಳುತ್ತದೆ, ಲಾಭನಷ್ಟದ ಲೆಕ್ಕ ಇನ್ನೊಂದು ಹೇಳುತ್ತದೆ, ಕಾನೂನು ಮತ್ತೊಂದು. ಪ್ರತಿಯೊಂದೂ ತನ್ನ ಮನೆಯಲ್ಲಿ ಸರಿಯಾಗಿಯೇ ಇದೆ. ಮೂರೂ ಒಂದೇ ಪ್ರಶ್ನೆಯ ಎದುರು ಬಂದು ನಿಂತಾಗ ಯಾವುದರ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಆ ಮೂರರಲ್ಲಿ ಯಾವುದೂ ಹೇಳಲಾರದು.

ಐಸಿಯು ಮುಂದಿನ ಬೆಂಚು

ದೊಡ್ಡಪ್ಪನಿಗೆ ಪಾರ್ಶ್ವವಾಯು ಹೊಡೆದು ವೆಂಟಿಲೇಟರ್ ಹಾಕಿ ಎರಡನೆಯ ವಾರ ನಡೆಯುತ್ತಿತ್ತು. ಬಾಯಿಯ ಮೂಲಕ ಹಾಕಿದ ನಳಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ, ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ರಕಿಯಾಸ್ಟಮಿ ಮಾಡಬೇಕು, ಸಹಿ ಬೇಕು ಎಂದು ವೈದ್ಯರು ಫಾರಂ ಕೊಟ್ಟು ಹೋಗಿದ್ದರು. ಒಳ್ಳೆಯ ವೈದ್ಯರು. ಏನನ್ನೂ ಮುಚ್ಚಿಡಲಿಲ್ಲ. ಮೆದುಳಿನ ಯಾವ ಭಾಗ ಹೋಗಿದೆ, ಪ್ರಜ್ಞೆ ಮರಳುವ ಸಾಧ್ಯತೆ ಎಷ್ಟು ಕಡಿಮೆ, ಮರಳಿದರೂ ಯಾವ ಸ್ಥಿತಿಯಲ್ಲಿ, ಎಲ್ಲವನ್ನೂ ಸ್ಕ್ಯಾನ್ ಫಿಲಮನ್ನು ಬೆಳಕಿಗೆ ಹಿಡಿದು ತೋರಿಸಿ ಹೇಳಿದ್ದರು. ಆಸ್ಪತ್ರೆಯ ಪ್ಲಾಸ್ಟಿಕ್ ಚೀಲದಲ್ಲಿ ಅಷ್ಟೂ ರಿಪೋರ್ಟುಗಳಿದ್ದವು. ಬರಬೇಕಾದ ಯಾವ ರಿಪೋರ್ಟೂ ಬಾಕಿ ಇರಲಿಲ್ಲ.

ಫಾರಂ ದೊಡ್ಡಪ್ಪನ ಮಗನ ಕೈಯಲ್ಲಿತ್ತು. "ಮಾಡಬಹುದಾದ್ದನ್ನೆಲ್ಲ ಮಾಡಿದೆವು ಎಂಬ ಸಮಾಧಾನ ಬೇಡವೇ?" ಎಂದ. ಅವನ ಅಕ್ಕ ಪ್ರಾಥಮಿಕ ಶಾಲೆಯ ಶಿಕ್ಷಕಿ. "ಸಮಾಧಾನ ಯಾರಿಗೆ?" ಎಂದು ಕೇಳಿದಳು, ಜಗಳದ ಧ್ವನಿಯಲ್ಲಲ್ಲ, ತರಗತಿಯಲ್ಲಿ ಕೇಳುವ ಹಾಗೆ. ಚಿಕ್ಕಪ್ಪ ಅಷ್ಟು ಹೊತ್ತು ಸುಮ್ಮನಿದ್ದವರು, "ಬೇಡ ಎಂದು ಬರೆದುಕೊಟ್ಟರೆ ನಾವೇ ಕೊಂದ ಹಾಗೆ ಆಗುವುದಿಲ್ಲವೇ? ಮೊದಲೇ ವೆಂಟಿಲೇಟರ್ ಹಾಕದೆ ಇದ್ದಿದ್ದರೆ ಅದು ಬೇರೆ ಮಾತು" ಎಂದರು. ದೊಡ್ಡಮ್ಮ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡಿದ್ದೆವು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, "ಒಳಗೆ ಮಲಗಿರುವುದು ಅವರೇ ಏನು?" ಎಂದು ಕೇಳಿದರು. ಅವರಿಗೆ ಗೊಂದಲವಾಗಿದೆ ಎಂದು ಅಂದುಕೊಂಡು ಮಗ, "ಅಪ್ಪನೇ ಅಮ್ಮ, ಬೆಡ್ ನಂಬರ್ ಆರು" ಎಂದ. ಅವರು ಕೇಳಿದ್ದು ಬೆಡ್ ನಂಬರನ್ನಲ್ಲ.

ಆ ಬೆಂಚಿನ ಮೇಲೆ ನಾಲ್ಕು ಮಾತುಗಳು ಬಂದವು, ನಾಲ್ಕೂ ಬೇರೆ ಬೇರೆ ಪ್ರಶ್ನೆಗಳು, ಆದರೆ ಒಂದೇ ಫಾರಮ್ಮಿನ ಮೇಲೆ ಬಿದ್ದು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿದ್ದವು. ಮಗನದು ಕರ್ತವ್ಯದ ಪ್ರಶ್ನೆ. ಅಕ್ಕನದು, ಯಾರ ಹಿತಕ್ಕಾಗಿ ಈ ಕರ್ತವ್ಯ ಎಂಬುದು. ಚಿಕ್ಕಪ್ಪ ಕೇಳಿದ್ದು, ಮಾಡುವುದಕ್ಕೂ ಮಾಡದೆ ಬಿಡುವುದಕ್ಕೂ ನೈತಿಕವಾಗಿ ಅಂತರವಿದೆಯೇ ಎಂದು. 1975ರಲ್ಲಿ ಜೇಮ್ಸ್ ರೇಚಲ್ಸ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ ಇದೇ ಪ್ರಶ್ನೆಯ ಮೇಲೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಪುಟ್ಟ ಲೇಖನ ಇವತ್ತಿಗೂ ತರಗತಿಗಳಲ್ಲಿ ಜಗಳ ಹಚ್ಚುತ್ತದೆ. ಆಸ್ತಿಯ ಆಸೆಗೆ ಒಬ್ಬ ಸಂಬಂಧಿಕರ ಮಗುವನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ಇನ್ನೊಬ್ಬ ಅದೇ ಉದ್ದೇಶದಿಂದ ಒಳಗೆ ಬಂದಾಗ ಮಗು ತಾನಾಗಿಯೇ ಜಾರಿ ಮುಳುಗುತ್ತದೆ, ಅವನು ನೋಡುತ್ತಾ ನಿಲ್ಲುತ್ತಾನೆ. ಎರಡನೆಯವನು ಏನನ್ನೂ ಮಾಡಲಿಲ್ಲ, ಆದ್ದರಿಂದ ಅವನು ಮೇಲು ಎನ್ನಬಹುದೇ ಎಂಬುದು ರೇಚಲ್ಸ್ ಪ್ರಶ್ನೆ. ಎನ್ನಲಾಗದಿದ್ದರೆ, ಬರಿಯ ಮಾಡಿದ್ದು, ಮಾಡದೆ ಬಿಟ್ಟದ್ದು ಎಂಬ ವ್ಯತ್ಯಾಸದ ಮೇಲೆ ಇಡೀ ನೀತಿಯನ್ನು ನಿಲ್ಲಿಸಲಾಗದು. ಇನ್ನು ದೊಡ್ಡಮ್ಮನ ಪ್ರಶ್ನೆ: ನೆನಪು, ಮಾತು, ಗುರುತು ಎಲ್ಲ ಹೋಗಿ ಶರೀರ ಮಾತ್ರ ಉಸಿರಾಡುತ್ತಿದ್ದರೆ ಅದು ಅದೇ ವ್ಯಕ್ತಿಯೇ? ಬೌದ್ಧರೂ, ತರ್ಕಕ್ಕೆ ಹೆಸರಾದ ನ್ಯಾಯದರ್ಶನದ ನೈಯಾಯಿಕರೂ ಶತಮಾನಗಳ ಕಾಲ ಈ ಪ್ರಶ್ನೆಯ ಮೇಲೆಯೇ ಕಿತ್ತಾಡಿದ್ದಾರೆ.

ನಮ್ಮ ಮನೆಯ ಈ ಪ್ರಸಂಗ 2018ಕ್ಕೆ ಮುಂಚಿನದು. ಆ ವರ್ಷ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು, ಮುಂಚಿತವಾಗಿ ಬರೆದಿಡುವ ವೈದ್ಯಕೀಯ ಉಯಿಲಿಗೂ ಮಾನ್ಯತೆ ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಕಾನೂನು ಈಗ ದಾರಿ ತೋರಿಸುತ್ತದೆ. ಆದರೆ ಆ ಬೆಂಚಿನ ಮೇಲೆ ಕೂತವರು ಯಾವ ದಾರಿ ಹಿಡಿಯಬೇಕು ಎಂಬುದನ್ನು ಅದು ಹೇಳುವುದಿಲ್ಲ, ಹೇಳಲೂ ಬಾರದು. (ಸಹಿ ಹಾಕಲಿಲ್ಲ. ದೊಡ್ಡಪ್ಪ ಆ ವಾರವೇ ಹೋದರು. ಮಗ ಇವತ್ತಿಗೂ ಆ ತೀರ್ಮಾನದ ಬಗ್ಗೆ ಮಾತನಾಡುವುದಿಲ್ಲ, ಅಕ್ಕ ಮಾತನಾಡುತ್ತಾಳೆ.)

ಮಾಹಿತಿ ಸಾಲದೆ ಹುಟ್ಟುವ ಪ್ರಶ್ನೆಗಳಿವೆ, ಅವಕ್ಕೆ ವಿಜ್ಞಾನವಿದೆ, ಪ್ರಯೋಗಾಲಯವಿದೆ, ಅಂಕಿಅಂಶವಿದೆ. ಮಾಹಿತಿ ಎಲ್ಲ ಬಂದ ಮೇಲೂ ಇದ್ದಲ್ಲೇ ಇರುವ ಪ್ರಶ್ನೆಗಳಿವೆ. ನನ್ನ ಮಟ್ಟಿಗೆ ತತ್ವಶಾಸ್ತ್ರವೆಂದರೆ ಈ ಎರಡನೆಯ ಜಾತಿಯ ಪ್ರಶ್ನೆಗಳ ಜೊತೆ ಮಾಡುವ ಕೆಲಸ. ಅದನ್ನು ಓದಿದವನಿಗೆ ಉತ್ತರ ಹೆಚ್ಚು ಗೊತ್ತಿರುವುದಿಲ್ಲ. ಯಾವುದು ಯಾವ ಪ್ರಶ್ನೆ, ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದಕ್ಕೆ ಯಾಕೆ ಸಲ್ಲುವುದಿಲ್ಲ ಎಂಬುದು ಗೊತ್ತಿರಬೇಕು. ಭಾವನಿಗೆ ನಾನು ಮೊದಲು ಹೇಳಿದ್ದು ಇಷ್ಟೇ. ಅವರು, "ನಿನ್ನ ದೊಡ್ಡಪ್ಪನ ಮಗಳಿಗೆ ಇದು ಓದದೆಯೇ ಗೊತ್ತಿತ್ತಲ್ಲ" ಎಂದರು. ಮಾತು ಸರಿ. ರಾಗಜ್ಞಾನವಿಲ್ಲದೆ ಶ್ರುತಿಗೆ ಸರಿಯಾಗಿ ಹಾಡುವವರೂ ಇರುತ್ತಾರೆ. ಅದಕ್ಕಾಗಿ ಸಂಗೀತ ಪಾಠವನ್ನು ಯಾರೂ ನಿಲ್ಲಿಸಿಲ್ಲ.

ನಾಳೆಯವರೆಗೆ ಚಾರ್ವಾಕನೇ ಗೆದ್ದಿರಲಿ

ಎಂ.ಎ. ಓದುವಾಗ ಮೈಸೂರಿನ ಚಾಮರಾಜಪುರಂನಲ್ಲಿ ಒಬ್ಬ ನಿವೃತ್ತ ಸಂಸ್ಕೃತ ಮೇಷ್ಟ್ರು ಬೆಳಿಗ್ಗೆ ಹೊತ್ತು ತರ್ಕಸಂಗ್ರಹ ಎಂಬ ತರ್ಕದ ಬಾಲಪಾಠದ ಪುಸ್ತಕವನ್ನು ಪಾಠ ಹೇಳುತ್ತಿದ್ದರು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ತಡವಾಗಿ ಬಂದರೆ ಮಾತ್ರ ಆ ದಿನ ಬಾಗಿಲು ತೆಗೆಯುತ್ತಿರಲಿಲ್ಲ. ಜಗುಲಿಯ ಮೇಲೆ ಚಾಪೆ, ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಕತ್ತರಿಸಿ ಹೊಲಿದ ಅವರ ಟಿಪ್ಪಣಿ ಪುಸ್ತಕ, ನಾವು ಮೂರು ಜನ. ಅಲ್ಲಿ ಕಲಿತದ್ದು ಎರಡು ವರ್ಷದ ಎಂ.ಎ.ಗಿಂತ ಹೆಚ್ಚು ಎಂದರೆ ಅತಿಶಯೋಕ್ತಿಯಲ್ಲ.

ಒಂದು ದಿನ ಚಾರ್ವಾಕನ, ಎಂದರೆ ಲೋಕಾಯತದವನ, ಪೂರ್ವಪಕ್ಷ ಹೇಳು ಎಂದರು. ಪೂರ್ವಪಕ್ಷ ಎಂದರೆ ಖಂಡಿಸುವ ಮೊದಲು ಎದುರಾಳಿಯ ವಾದವನ್ನು ಮಂಡಿಸುವುದು. ನಾನು ಉತ್ಸಾಹದಿಂದ, "ಕಣ್ಣಿಗೆ ಕಂಡದ್ದಷ್ಟೇ ಸತ್ಯ, ಸಾಲ ಮಾಡಿಯಾದರೂ ತುಪ್ಪ ತಿನ್ನು ಎನ್ನುತ್ತಾನೆ" ಎಂದೆ.

"ಅವನು ಈಗ ನಿನ್ನ ಪಕ್ಕದಲ್ಲೇ ಕೂತಿದ್ದರೆ, ಹೌದು, ನನ್ನ ಮಾತು ಇದೇ ಎಂದು ಒಪ್ಪುತ್ತಿದ್ದನೇನಯ್ಯಾ?"

"ಒಪ್ಪುತ್ತಿರಲಿಲ್ಲ ಅನ್ನಿಸುತ್ತದೆ."

"ಹಾಗಾದರೆ ನೀನು ಹೇಳಿದ್ದು ಪೂರ್ವಪಕ್ಷವಲ್ಲ, ಚಾಡಿ."

ಆಮೇಲೆ ಅವರೇ ಚಾರ್ವಾಕನಾದರು. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯಿದೆ ಎನ್ನುತ್ತೀಯಲ್ಲ, ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂದು ನಿನಗೆ ಹೇಗೆ ಗೊತ್ತು? ಅಡುಗೆಮನೆಯಲ್ಲಿ ನೋಡಿದ್ದೇನೆ. ಎಷ್ಟು ಅಡುಗೆಮನೆ? ಹತ್ತಿಪ್ಪತ್ತು. ನೋಡದ ಅಡುಗೆಮನೆಗಳು? ನಾಳೆಯ ಅಡುಗೆಮನೆ? ಅವುಗಳಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ನೋಡಿ ತಿಳಿದೆಯೋ, ಊಹಿಸಿ ತಿಳಿದೆಯೋ? ನೋಡಿದ್ದರೆ, ನೋಡದ್ದನ್ನು ನೋಡಿದೆ ಎಂದಹಾಗಾಯಿತು. ಊಹಿಸಿದ್ದರೆ, ಊಹೆಯನ್ನು ನಂಬಬಹುದೇ ಎಂಬುದೇ ಪ್ರಶ್ನೆಯಾಗಿರುವಾಗ ಊಹೆಯನ್ನೇ ಸಾಕ್ಷಿಗೆ ಕರೆದೆ. ತುಪ್ಪದ ಸುದ್ದಿ ಎಲ್ಲೋ ಹೋಯಿತು. ನಮ್ಮ ಮೂವರ ಬಾಯಿಯೂ ಕಟ್ಟಿತು. 18ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತಿದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಕಾಲೇಜಿನಲ್ಲಿ ಹ್ಯೂಮನನ್ನು ಓದುವಾಗ ಅದು ನನಗೆ ತಾಗಿರಲಿಲ್ಲ. ಉತ್ತರವೇನು ಎಂದು ಕೇಳಿದೆವು. ಮೇಷ್ಟ್ರು ಪುಸ್ತಕ ಮುಚ್ಚಿದರು. "ನಾಳೆ. ಅಲ್ಲಿಯವರೆಗೆ ಚಾರ್ವಾಕನೇ ಗೆದ್ದಿರಲಿ. ಒಂದು ರಾತ್ರಿ ಸೋತವರಾಗಿ ಮಲಗಿ ನೋಡಿ."

ಮರುದಿನದ ಪಾಠಕ್ಕೆ ನ್ಯಾಯದರ್ಶನದ ಉದಯನ ಬಂದ. ಸಂಶಯಕ್ಕೂ ಒಂದು ಗಡಿಯಿದೆ, ನಿನ್ನ ನಡತೆಯೇ ನಿನ್ನ ಸಂಶಯವನ್ನು ಸುಳ್ಳು ಮಾಡುವ ಜಾಗದಲ್ಲಿ ಅದು ನಿಲ್ಲುತ್ತದೆ ಎಂಬುದು ಅವನ ಉತ್ತರ. ಹೊಗೆಗೂ ಬೆಂಕಿಗೂ ಸಂಬಂಧವಿಲ್ಲವೇನೋ ಎಂದು ಅನುಮಾನ ಪಡುವವನೇ, ಹೊಗೆ ಬೇಕಾದಾಗ ಬೇರೇನನ್ನೂ ಹುಡುಕದೆ ಬೆಂಕಿಯನ್ನೇ ಹಚ್ಚುತ್ತಾನೆ. ಉತ್ತರ ಚೆನ್ನಾಗಿದೆ, ಆದರೆ ನನಗೆ ಪೂರ್ತಿ ಸಮಾಧಾನವಿಲ್ಲ: ಹಾಗೆ ನಡೆದುಕೊಳ್ಳದೆ ಗತ್ಯಂತರವಿಲ್ಲ ಎಂಬುದೇ ಅದು ನಿಜ ಎಂಬುದಕ್ಕೆ ಪುರಾವೆಯಾಗುತ್ತದೆಯೇ? ಮೇಷ್ಟ್ರಿಗೆ ಇದನ್ನು ಹೇಳಿದಾಗ ಬಹಳ ಖುಷಿಪಟ್ಟರು.

ಆ ದರ್ಶನದ ಮೂಲಗ್ರಂಥ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಸತ್ಯ ಯಾವುದೆಂದು ತಿಳಿಯಲು ನಡೆಸುವುದು ವಾದ. ಗೆಲ್ಲುವುದಕ್ಕಾಗಿ, ಮೋಸದ ಪಟ್ಟುಗಳನ್ನೂ ಬಳಸಿ ನಡೆಸುವುದು ಜಲ್ಪ. ತನ್ನದೆಂಬ ನಿಲುವೇ ಇಲ್ಲದೆ ಎದುರಿನವನದನ್ನು ಒಡೆಯುವುದಷ್ಟೇ ವಿತಂಡ. ರಾತ್ರಿ ಒಂಬತ್ತರ ಟಿವಿ ಚರ್ಚೆಗಳು ಯಾವ ಕೋಣೆಗೆ ಸೇರುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸೂತ್ರಕಾರ ಜಲ್ಪ ವಿತಂಡಗಳನ್ನು ಹೊರಗಟ್ಟಲಿಲ್ಲ. ಮೊಳಕೆಗೆ ಮುಳ್ಳುಬೇಲಿ ಹಾಕುವ ಹಾಗೆ, ತಿಳಿವನ್ನು ಕಾಯಲು ಅವೂ ಬೇಕಾಗುತ್ತವೆ ಎನ್ನುತ್ತಾನೆ. ಆ ವ್ಯವಹಾರಜ್ಞಾನ ನನಗೆ ಇಷ್ಟ.

ಇನ್ನೊಂದು ಪಾಠವನ್ನೂ ಹೇಳಿಬಿಡುತ್ತೇನೆ, ಭಾವ ಕೇಳಿದ್ದು 'ಏನು ಹೆಚ್ಚು ಗೊತ್ತಿರುತ್ತದೆ' ಎಂದಲ್ಲವೇ. 12ನೆಯ ಶತಮಾನದ ತತ್ವಜ್ಞ ಶ್ರೀಹರ್ಷ ಕೇಳುತ್ತಾನೆ: ಒಬ್ಬ ಮುಷ್ಟಿಯಲ್ಲಿ ಕವಡೆ ಹಿಡಿದು ಎಷ್ಟಿವೆ ಎನ್ನುತ್ತಾನೆ, ಇನ್ನೊಬ್ಬ ಬಾಯಿಗೆ ಬಂದಂತೆ ಐದು ಎನ್ನುತ್ತಾನೆ, ತೆರೆದರೆ ಐದೇ ಇರುತ್ತವೆ. ಹೇಳಿದ್ದು ನಿಜ. ಆದರೆ ಅವನಿಗೆ ಗೊತ್ತಿತ್ತೇ? 1963ರಲ್ಲಿ ಎಡ್ಮಂಡ್ ಗೆಟಿಯರ್ ಎಂಬ ಅಮೆರಿಕದ ಮೇಷ್ಟ್ರು ಬರೆದ ಮೂರು ಪುಟದ ಲೇಖನ ಇದೇ ಓಣಿಗೆ ಇನ್ನೊಂದು ಕಡೆಯಿಂದ ಬಂದು, ನಂಬಲು ಒಳ್ಳೆಯ ಕಾರಣವಿದ್ದು, ನಂಬಿದ್ದು ನಿಜವೂ ಆಗಿ, ಆದರೂ 'ಗೊತ್ತಿತ್ತು' ಎನ್ನಲಾಗದ ಸಂದರ್ಭಗಳನ್ನು ತೋರಿಸಿತು. ಹೊಗೆ ಕಂಡಲ್ಲಿ ಬೆಂಕಿ ಹುಡುಕುವುದು ಈಗ ನನ್ನ ಹೊಟ್ಟೆಪಾಡು. ತಪ್ಪು ಕಾರಣಕ್ಕೆ ಸರಿಯಾದ ತೀರ್ಮಾನ ಬರೆದ ಕಡತಗಳನ್ನು ಬೇಕಾದಷ್ಟು ನೋಡಿದ್ದೇನೆ. ಮುಂದಿನ ಕಡತದಲ್ಲಿ ಅದೇ ಕಾರಣ ಯಾರದೋ ಗೋದಾಮಿನ ಪರಿಹಾರವನ್ನು ತಿನ್ನುತ್ತದೆ.

ಹಂಪಿಯಿಂದ ಕಾಶಿಗೆ

ಎರಡೂವರೆ ಸಾವಿರ ವರ್ಷಗಳಿಂದ ಅದೇ ಪ್ರಶ್ನೆಗಳು, ಒಂದಾದರೂ ಬಗೆಹರಿದಿದೆಯೇ ಎಂಬುದು ತತ್ವಶಾಸ್ತ್ರದ ಮೇಲಿನ ಹಳೆಯ ದೂರು. ಭಾಗಶಃ ಇದು ಲೆಕ್ಕ ಬರೆಯುವ ರೀತಿಯ ತೊಂದರೆ. ಅಳೆಯುವ ಸಾಧನ ಸಿಕ್ಕಿದ ಪ್ರಶ್ನೆ ತತ್ವಶಾಸ್ತ್ರದ ಮನೆ ಬಿಟ್ಟು ಹೊರಡುತ್ತದೆ, ಆಮೇಲೆ ಅದರ ಗಳಿಕೆ ಇಲ್ಲಿಯ ಖಾತೆಗೆ ಬರುವುದಿಲ್ಲ. ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದ ಮಹಾಗ್ರಂಥದ ಶೀರ್ಷಿಕೆಯಲ್ಲಿ ಇರುವುದು ಪ್ರಕೃತಿಯ ತತ್ವಶಾಸ್ತ್ರವೇ ಹೊರತು ಭೌತಶಾಸ್ತ್ರವಲ್ಲ. ಮನಸ್ಸಿನ ಅಧ್ಯಯನವೂ ಹಾಗೆಯೇ ಹೊರಟಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರಕ್ಕೆ ಬೇರೆ ವಿಭಾಗ ಕಟ್ಟಿದರು. ಅದೇ ಗೋಪಾಲಸ್ವಾಮಿಯವರು ಆಮೇಲೆ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದದ್ದು ಬೇರೆ ಕಥೆ. ಸಾಧನ ಸಿಗದವು ಹಿಂದೆ ಉಳಿಯುತ್ತವೆ. ಉಳಿದವುಗಳಲ್ಲಿ ಪ್ರಗತಿ ಎಂದರೆ ಏನು ಎಂಬುದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆಯಿದೆ.

ಆನೆಗೊಂದಿಯ ಹತ್ತಿರ ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನ ಇದೆ. ಅಲ್ಲಿರುವ ಬೃಂದಾವನಗಳಲ್ಲಿ ಒಂದು ದ್ವೈತ ಮತದ ಯತಿ ವ್ಯಾಸತೀರ್ಥರದು. ಅವರು ತೀರಿಕೊಂಡದ್ದು 1539ರಲ್ಲಿ. ದೋಣಿಯಲ್ಲಿ ದಾಟಿ ಹೋದವರು ಪ್ರದಕ್ಷಿಣೆ ಹಾಕುತ್ತಾರೆ, ಮೌನವಾಗಿ ಬರುತ್ತಾರೆ. ಬದುಕಿಡೀ ಜಗಳವಾಡಿದ ಮನುಷ್ಯನಿಗೆ ನಾವು ತೋರಿಸುವ ಗೌರವ ಇದು! ಅವರ ನ್ಯಾಯಾಮೃತ ಅದ್ವೈತದ ಮೇಲೆ ನಡೆಸಿದ ದಾಳಿಗಳಲ್ಲಿ ಅತಿ ಸೂಕ್ಷ್ಮವಾದದ್ದು. ಜಗತ್ತು ಮಿಥ್ಯೆ ಎನ್ನುತ್ತೀರಿ. ಆ 'ಮಿಥ್ಯೆಯಾಗಿರುವಿಕೆ' ನಿಜವೋ, ಅದೂ ಮಿಥ್ಯೆಯೋ? ನಿಜ ಎಂದರೆ ಬ್ರಹ್ಮದ ಜೊತೆಗೆ ಇನ್ನೊಂದು ನಿಜ ಬಂದು ಅದ್ವೈತ ಮುರಿಯಿತು. ಮಿಥ್ಯೆ ಎಂದರೆ, ಜಗತ್ತು ಮಿಥ್ಯೆ ಎಂಬುದೇ ಸುಳ್ಳಾಗಿ ಜಗತ್ತು ನಿಜವಾಯಿತು. ಎರಡು ಕಡೆಯಿಂದಲೂ ಬಾಗಿಲು ಹಾಕಿದರು.

ಕಾಶಿಯಲ್ಲಿದ್ದ ಬಂಗಾಳದ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಇದಕ್ಕೆ ಅಂಶ ಅಂಶವಾಗಿ ಉತ್ತರ ಬರೆದರು. ಈ ಪ್ರಶ್ನೆಗೆ ಅವರು ತಂದು ನಿಲ್ಲಿಸುವುದು ಒಂದು ಆನೆಯನ್ನು. ಎರಡರಲ್ಲಿ ಒಂದು ಅಲ್ಲವೆಂದರೆ ಇನ್ನೊಂದು ಹೌದು ಎಂಬ ನಿಯಮ ಎಲ್ಲ ಕಡೆ ನಡೆಯುವುದಿಲ್ಲ. ಆನೆಯಲ್ಲಿ ಗೋತ್ವ (ಹಸುತನ) ಇಲ್ಲ ಎಂದಮಾತ್ರಕ್ಕೆ ಅಶ್ವತ್ವ (ಕುದುರೆತನ) ಇದೆ ಎಂದಾಗದು. ಅದು ಆನೆ, ಎರಡನ್ನೂ ಒಂದೇ ಕಾರಣಕ್ಕೆ ತಳ್ಳಿಹಾಕುತ್ತದೆ. ಜಗತ್ತಿನ ಸತ್ಯತೆ, ಜಗತ್ತಿನ ಮಿಥ್ಯಾತ್ವ ಎರಡೂ ಹಾಗೆಯೇ ಒಂದೇ ಕಾರಣದಿಂದ ಬೀಳುತ್ತವೆ, ಒಂದು ಬಿದ್ದರೆ ಇನ್ನೊಂದು ಏಳುವುದಿಲ್ಲ. ಇದಕ್ಕೆ ದ್ವೈತದ ಕಡೆಯಿಂದ ರಾಮಾಚಾರ್ಯರ ತರಂಗಿಣಿ ಬಂತು, ಅದಕ್ಕೆ ಅದ್ವೈತದ ಕಡೆಯಿಂದ ಬ್ರಹ್ಮಾನಂದರ ಉತ್ತರ ಬಂತು. ಯಾರು ಗೆದ್ದರು? ಅವರವರ ಮಠದಲ್ಲಿ ಅವರವರು. ನನ್ನ ಮಟ್ಟಿಗೆ ಉತ್ತರ ಮಧುಸೂದನರದು ಹೆಚ್ಚು ಗಟ್ಟಿ, ಪ್ರಶ್ನೆ ವ್ಯಾಸತೀರ್ಥರದು ಹೆಚ್ಚು ಚಂದ. ಆದರೆ ಮೊದಲ ಪುಸ್ತಕದಿಂದ ಕೊನೆಯದಕ್ಕೆ ಬರುವಷ್ಟರಲ್ಲಿ 'ಅಲ್ಲ' ಎಂಬ ಒಂದು ಮಾತು ಎಷ್ಟು ಬಗೆಯಲ್ಲಿ ಕೆಲಸ ಮಾಡುತ್ತದೆ ಎಂಬುದು ಮೊದಲಿಗಿಂತ ಸ್ಪಷ್ಟವಾಗಿತ್ತು. ಸತ್ಯ ಎಂಬುದೇ ಇಲ್ಲ, ಎಲ್ಲ ಅವರವರ ದೃಷ್ಟಿ ಎಂದು ಕಾಫಿ ಕುಡಿಯುತ್ತಾ ಹೇಳುವ ಗೆಳೆಯರ ಮೇಲೆ ನಾನು ವ್ಯಾಸತೀರ್ಥರ ಪ್ರಶ್ನೆಯನ್ನು ಬಿಟ್ಟು ನೋಡುತ್ತೇನೆ: ಈ ಮಾತು ನಿಜವೋ, ಇದೂ ನಿಮ್ಮೊಬ್ಬರ ದೃಷ್ಟಿಯೋ? ಆನೆಯನ್ನು ತರುವವರು ಇನ್ನೂ ಸಿಕ್ಕಿಲ್ಲ.

ಚಾಪೆಯ ಮೇಲೆ ಯಾರಿಗೆ ಜಾಗ

ಇಷ್ಟೆಲ್ಲ ಹೇಳಿ ತತ್ವಶಾಸ್ತ್ರ ಓದಿದವರು ಒಳ್ಳೆಯವರಾಗುತ್ತಾರೆ ಎಂಬ ಆಸೆ ಹುಟ್ಟಿಸಬಾರದು. ಎರಿಕ್ ಶ್ವಿಟ್ಜ್‌ಗೆಬೆಲ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ ನೀತಿಶಾಸ್ತ್ರದ ಪ್ರಾಧ್ಯಾಪಕರ ನಡವಳಿಕೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ, ಉಳಿದವರಿಗಿಂತ ಅವರು ಮೇಲೇನಲ್ಲ ಎಂದು ಕಂಡುಕೊಂಡಿದ್ದಾನೆ. ಗ್ರಂಥಾಲಯಗಳಿಂದ ಕಾಣೆಯಾಗುವ ಪುಸ್ತಕಗಳಲ್ಲಿ ತತ್ವಶಾಸ್ತ್ರದ ಬೇರೆ ಪುಸ್ತಕಗಳಿಗಿಂತ ನೀತಿಶಾಸ್ತ್ರದವೇ ಹೆಚ್ಚಂತೆ. ಜರ್ಮನಿಯ ತತ್ವಶಾಸ್ತ್ರಜ್ಞ ಹೈಡೆಗರ್ 1933ರಲ್ಲಿ ನಾಜಿ ಪಕ್ಷ ಸೇರಿದ್ದು ಓದು ಕಡಿಮೆಯಾಗಿ ಅಲ್ಲ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಅಪಶೂದ್ರಾಧಿಕರಣ ಎಂಬ ಭಾಗ. ಜೀವ, ಜಗತ್ತು, ಬ್ರಹ್ಮ ಯಾವುದರಲ್ಲೂ ಒಮ್ಮತವಿಲ್ಲದ ಶಂಕರ, ರಾಮಾನುಜ, ಮಧ್ವ ಮೂವರೂ ಶೂದ್ರನಿಗೆ ವೇದಾಧ್ಯಯನದ ಅಧಿಕಾರವಿಲ್ಲ ಎಂಬಲ್ಲಿ ಒಂದಾಗುತ್ತಾರೆ. ಅಲ್ಲೂ ಪೂರ್ವಪಕ್ಷ ಇದೆ. ಅಧಿಕಾರ ಯಾಕಿರಬಾರದು ಎಂಬ ವಾದವನ್ನು ಶಾಸ್ತ್ರೀಯವಾಗಿಯೇ ಮಂಡಿಸಿ ಆಮೇಲೆ ತಳ್ಳಿಹಾಕುತ್ತಾರೆ. ನನ್ನ ಮೇಷ್ಟ್ರ ಅಳತೆಯನ್ನು ಇಲ್ಲಿ ಹಿಡಿದರೆ ಏನಾಗುತ್ತದೆ? ಹೌದು, ನನ್ನ ಮಾತು ಇದೇ ಎನ್ನಬೇಕಾದವನು ಪಕ್ಕದಲ್ಲಿ ಕೂತಿಲ್ಲ. ಅವನನ್ನು ಕೂರಿಸಬಾರದು ಎಂಬುದೇ ತೀರ್ಪು. ಮೇಷ್ಟ್ರಿಗೆ ಇದನ್ನೂ ಕೇಳಿದ್ದೆ. ಅವತ್ತು ಅವರು ಖುಷಿಪಡಲಿಲ್ಲ. ಸ್ವಲ್ಪ ಹೊತ್ತು ಕ್ಯಾಲೆಂಡರ್ ಪುಸ್ತಕದ ಹಾಳೆ ತಿರುಗಿಸಿ, "ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಬರೆದುಕೋ" ಎಂದರು.

ಕನ್ನಡದಲ್ಲಿ ಆ ಚಾಪೆಯನ್ನು ಬೇರೆ ಕಡೆ ಹಾಸಿದವರು ಶರಣರು. ಶೂನ್ಯಸಂಪಾದನೆಯಲ್ಲಿ ಅಲ್ಲಮ ಅಕ್ಕಮಹಾದೇವಿಯನ್ನು ಪರೀಕ್ಷಿಸುವ ಭಾಗವನ್ನು ತರ್ಕದ ಕಣ್ಣಿನಲ್ಲಿ ಓದಿ ನೋಡಿ. ಸೀರೆಯನ್ನೇ ಬಿಟ್ಟು ಬಂದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳುತ್ತಾನೆ. ಇದು ಅವಮಾನಿಸುವ ಪ್ರಶ್ನೆಯಂತೆ ಕಂಡರೂ ಒಳಗಿರುವುದು ನಿನ್ನ ನಿಲುವೇ ನಿನ್ನ ನಡತೆಗೆ ವಿರುದ್ಧವಾಗಿದೆ ಎಂಬ ಆಕ್ಷೇಪ, ಉದಯನ ಚಾರ್ವಾಕನ ಮೇಲೆ ಎತ್ತಿದ್ದೂ ಅದೇ. ಅಕ್ಕ ಆಕ್ಷೇಪವನ್ನು ಅಲ್ಲಗಳೆಯುವುದಿಲ್ಲ. ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆಯ ಬಣ್ಣ ಹೋಗುವುದಿಲ್ಲ ಎಂದು ಶುರು ಮಾಡಿ, ಕಾಮನ ಮುದ್ರೆಯನ್ನು ಕಂಡು ನಿಮಗೆ ನೋವಾದೀತೆಂದು ಮುಚ್ಚಿದೆ ಎನ್ನುತ್ತಾಳೆ. ಮುಚ್ಚಿದ ಕಾರಣವನ್ನು ತನ್ನಿಂದ ನೋಡುವವನ ಕಡೆಗೆ ಸಾಗಿಸಿಬಿಡುತ್ತಾಳೆ. ಅದು ಉತ್ತರವೋ, ನುಣುಚಿಕೊಳ್ಳುವುದೋ? ಎಲ್ಲರಿಗೂ ಅರಿವು ಬಂದ ಸಭೆಯಲ್ಲಿ ಯಾರಿಗೆ ನೋವಾಗುತ್ತಿತ್ತು? ಅಲ್ಲಮನೂ ಅಲ್ಲಿಗೆ ಬಿಡುವುದಿಲ್ಲ, ಮತ್ತೆ ಮತ್ತೆ ಕೆದಕುತ್ತಾನೆ, ಕೊನೆಗೆ ಒಪ್ಪುತ್ತಾನೆ. 12ನೆಯ ಶತಮಾನದ ವಚನಗಳನ್ನು ಹೀಗೆ ಸಂವಾದವಾಗಿ ಜೋಡಿಸಿದ್ದು 15ನೆಯ ಶತಮಾನದಲ್ಲಿ, ಜೋಡಿಸಿದವರೂ ಗಂಡಸರೇ. ಹಾಗಾಗಿ ಅಕ್ಕ ನಿಜವಾಗಿ ಎಷ್ಟು ಆ ಚಾಪೆಯ ಮೇಲೆ ಕೂತಿದ್ದಾಳೆ ಎಂಬ ಅನುಮಾನವನ್ನು ಇಟ್ಟುಕೊಂಡೇ ಓದಬೇಕು. ಆದರೂ ಉತ್ತರ ಅವಳ ವಚನದ್ದೇ ಮಾತು, ಯಾರೋ ಅವಳ ಪರವಾಗಿ ಊಹಿಸಿ ಮಂಡಿಸಿದ ಪೂರ್ವಪಕ್ಷವಲ್ಲ.

ನನ್ನ ಎಂ.ಎ.ಯ ಯಾವ ಪತ್ರಿಕೆಯಲ್ಲೂ ಇದು ಬರಲಿಲ್ಲ. ಪಕ್ಕದ ಹಾಸ್ಟೆಲ್ ಕೋಣೆಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ಗೆಳೆಯನ ಮೇಜಿನಿಂದ ಎತ್ತಿಕೊಂಡು ಓದಿದೆ. ಅಲ್ಲಿ ಅದಕ್ಕೆ ಸಾಹಿತ್ಯ ಎಂದು ಹೆಸರು, ಅಲಂಕಾರ ಗುರುತಿಸಿ ಅಂಕ ಕೊಡುತ್ತಿದ್ದರು. ನಮ್ಮ ವಿಭಾಗದಲ್ಲಿ ಅದೇ ಚಳಿಗಾಲ ಫ್ರಾನ್ಸಿನ ತತ್ವಶಾಸ್ತ್ರಜ್ಞ ಡೇಕಾರ್ಟ್ ಉದಾಹರಣೆಗೆ ತಂದ ಮೇಣದ ತುಂಡು ಕರಗುವುದಕ್ಕೇ ಒಂದು ತಿಂಗಳು ಹಿಡಿದಿತ್ತು.